ಕನ್ನಡ ಓದಿಸುವವರಿದ್ದಾರೆ, ಕಲಿಸುವವರೆಲ್ಲಿ?

2025ರ ಜೂನ್ ತಿಂಗಳಲ್ಲಿ ಪುಣೆಯ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಬಂತು: ‘ಇಪ್ಪತ್ತು ಮಕ್ಕಳು ಸಿಕ್ಕರೆ ಶಾಲೆಯಲ್ಲೇ ಕನ್ನಡ!’ ಮಹಾರಾಷ್ಟ್ರದಲ್ಲಿ ಆಗ ಮೂರನೇ ಭಾಷೆಯ ಜಗಳ ಕುದಿಯುತ್ತಿತ್ತು. ಏಪ್ರಿಲ್ 16ರಂದು ಸರ್ಕಾರ ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಹಿಂದಿ ಕಡ್ಡಾಯ ಎಂದಿತು. ವಿರೋಧ ಬಂದ ಮೇಲೆ ಜೂನ್ 17ರಂದು ಮಾತು ಸಡಿಲಿಸಿ, ಹಿಂದಿಯ ಬದಲು ಬೇರೆ ಭಾರತೀಯ ಭಾಷೆ ಬೇಕಾದರೆ ಒಂದು ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಕೇಳಬೇಕು, ಆಗ ಶಿಕ್ಷಕರನ್ನು ಕೊಡುತ್ತೇವೆ, ಇಲ್ಲವೇ ಆನ್‌ಲೈನ್‌ನಲ್ಲಿ ಕಲಿಸುತ್ತೇವೆ ಎಂದಿತು. ಜೂನ್ 29ಕ್ಕೆ ಎರಡೂ ಆದೇಶಗಳನ್ನು ಹಿಂದಕ್ಕೆ ಪಡೆದು, ನರೇಂದ್ರ ಜಾಧವ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು.

ಆ ಹನ್ನೆರಡು ದಿನ ನಮ್ಮ ಗುಂಪಿನಲ್ಲಿ ಲೆಕ್ಕಾಚಾರವೋ ಲೆಕ್ಕಾಚಾರ. ಯಾವ ಶಾಲೆಯಲ್ಲಿ ನಮ್ಮವರ ಮಕ್ಕಳು ಎಷ್ಟು, ಯಾವ ತರಗತಿಯಲ್ಲಿ ಎಷ್ಟು. ಒಂದೇ ಶಾಲೆಯ ಒಂದೇ ತರಗತಿಯಲ್ಲಿ ಇಪ್ಪತ್ತು ಸಿಗುವುದು ಸಾಧ್ಯವೇ ಇರಲಿಲ್ಲ, ಆ ಮಾತು ಬಿಡಿ. ಆದರೆ ನಡುವೆ ವಿಜಯಪುರ ಕಡೆಯ ಹಿರಿಯರೊಬ್ಬರು ಬರೆದರು: ‘ಹುಡುಗ್ರು ಸಿಗ್ತಾವಂತ ಇಟ್ಕೊಳ್ರಿ. ಮಾಸ್ತರು ಎಲ್ಲಿಂದ ತರ್ತೀರಿ?’ ಯಾರೂ ಉತ್ತರ ಕೊಡಲಿಲ್ಲ. ಮರುದಿನ ಯಾರೋ ಮಾವಿನ ಹಣ್ಣಿನ ಡಬ್ಬಿಯ ರೇಟು ಹಾಕಿದರು, ವಿಷಯ ಅಲ್ಲಿಗೆ ಮುಗಿಯಿತು.

ಆಗಸ್ಟ್‌ನಲ್ಲಿ ಇದೇ ಚರ್ಚೆ ಕರ್ನಾಟಕಕ್ಕೆ ದಾಟಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ತನ್ನ ವರದಿಯಲ್ಲಿ ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿತು: ಕನ್ನಡ ಅಥವಾ ಮಾತೃಭಾಷೆ, ಜೊತೆಗೆ ಇಂಗ್ಲಿಷ್. ಮತ್ತೆ ಎರಡೋ ಮೂರೋ, ಒಂದನೇ ತರಗತಿಯಿಂದಲೋ ಐದರಿಂದಲೋ ಎಂಬ ಮಾತು. ಎರಡೂ ರಾಜ್ಯಗಳ ಟಿವಿ ಚರ್ಚೆ ನೋಡಿದವನಿಗೆ ಆ ಹಿರಿಯರ ಪ್ರಶ್ನೆ ಎಲ್ಲೂ ಕೇಳಿಸಲಿಲ್ಲ. ಕಲಿಸುವವರು ಯಾರು? ಅವರಿಗೆ ಕಲಿಸಲು ಕಲಿಸಿದವರು ಯಾರು? ಇದಕ್ಕೆ ಉತ್ತರ ಇರಬೇಕಾದದ್ದು ಶಾಲೆಯಲ್ಲಲ್ಲ, ವಿಶ್ವವಿದ್ಯಾಲಯದ ಭಾಷಾ ವಿಭಾಗಗಳಲ್ಲಿ.

ಎಂಟೆಕ್ ಮಾಡಿದ ಸಾಫ್ಟ್‌ವೇರ್‌ನವನಿಗೆ ಎಂಎ ಕನ್ನಡದ ಉಸಾಬರಿ ಯಾಕೆ ಎಂದು ಕೇಳಬಹುದು. ಕಾರಣ ನನ್ನ ಮಗಳು, ಮತ್ತು ಒಂದು ಬಸ್ಸು.

ಅವಳು ಹುಟ್ಟಿದ್ದು ಇಲ್ಲೇ. ಮನೆಯಲ್ಲಿ ನಾನೂ ಹೆಂಡತಿಯೂ ಕನ್ನಡವನ್ನೇ ಆಡುತ್ತೇವೆ, ಆದರೆ ದಿನದ ಹತ್ತು ತಾಸು ಅವಳ ಕಿವಿಗೆ ಬೀಳುವುದು ಮರಾಠಿ, ಹಿಂದಿ, ಇಂಗ್ಲಿಷ್. 2020ರ ಕಾಯ್ದೆಯಿಂದಾಗಿ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಅದಕ್ಕಿಂತ ಹೆಚ್ಚಾಗಿ ಶಾಲೆ ಬಸ್ಸಿನ ಮಾವಶಿ ಮತ್ತು ಕೆಳಮನೆಯ ಗೆಳತಿಯರಿಂದಾಗಿ ಅವಳ ಮರಾಠಿ ನೀರು ಕುಡಿದಷ್ಟು ಸರಾಗ. ಒಂದು ದಿನ ಬೆಳಿಗ್ಗೆ ಗದಗಿನಲ್ಲಿರುವ ನಮ್ಮವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದವಳು ‘ಅಜ್ಜಿ, ಇಡ್ತೀನಿ, ಬಸ್ ಬಂದಳು’ ಎಂದಳು. ಅವ್ವ ಜೋರಾಗಿ ನಕ್ಕು, ‘ಯಾಕವ್ವಾ, ಬಸ್ಸಿಗೂ ಸೀರಿ ಉಡಿಸಿಬಿಟ್ಟಿ?’ ಎಂದಳು. ಪ್ರೀತಿಯ ನಗುವೇ. ಆದರೆ ಅದರ ನಂತರ ಮಗಳು ಅಜ್ಜಿಯ ಫೋನ್ ಬಂದರೆ ‘ಹಾಂ’, ‘ಹೂಂ’, ‘ಬಾಯ್’ ಅಷ್ಟೇ. ಎರಡು ತಿಂಗಳು ಹೀಗೇ ನಡೆಯಿತು. ಅವ್ವನಿಗೆ ಮೊಮ್ಮಗಳ ಜೊತೆ ಮಾತಾಡಲು ಬೇರೆ ಭಾಷೆ ಇಲ್ಲ.

ಇದೇ ಕಳವಳದಲ್ಲಿ ನಾವು ಮೂರು ಮನೆಯವರು ಸೇರಿ ಭಾನುವಾರ ಬೆಳಿಗ್ಗೆ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಕನ್ನಡ ತರಗತಿ ಶುರುಮಾಡಿದೆವು. ಹದಿನಾಲ್ಕು ಮಕ್ಕಳು ಬಂದರು. ನಮಗೆ ನಮ್ಮ ಮಾಸ್ತರರು ಕಲಿಸಿದಂತೆಯೇ ನಾನೂ ಕಲಿಸಿದೆ: ಅ ಆ ಇ ಈ, ಅರಸ, ಆನೆ, ಇಲಿ, ಆಮೇಲೆ ಕಾಗುಣಿತ, ಒತ್ತಕ್ಷರ. ಮೂರು ತಿಂಗಳಿಗೆ ಮಕ್ಕಳು ಬೋರ್ಡಿನ ಮೇಲಿನ ‘ಅರಸನ ಅರಮನೆ’ಯನ್ನು ಕೂಡಿಸಿ ಕೂಡಿಸಿ ಓದುತ್ತಿದ್ದವು. ನೀರು ಬೇಕಾದಾಗ ಮಾತ್ರ ಮರಾಠಿಯಲ್ಲೇ ಕೇಳುತ್ತಿದ್ದವು. ನಾಲ್ಕನೇ ತಿಂಗಳಿಗೆ ಉಳಿದದ್ದು ನಾಲ್ಕು ಮಕ್ಕಳು, ಅದರಲ್ಲಿ ಎರಡು ನಮ್ಮ ಮೂರು ಮನೆಯವೇ.

ದಾರಿ ತೋರಿಸಿದವರು ಕನ್ನಡಿಗರಲ್ಲ. ನಮ್ಮ ಕಟ್ಟಡದಲ್ಲೇ ಬಾಡಿಗೆಗಿದ್ದ, ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿರುವ ಮರಾಠಿ ಹೆಣ್ಣುಮಗಳು. ಕನ್ನಡದ ಒಂದಕ್ಷರ ಬಾರದು. ಎರಡು ಭಾನುವಾರ ಹಿಂದಿನ ಕುರ್ಚಿಯಲ್ಲಿ ಕೂತು, ಮಕ್ಕಳು ಆಡಿದ ತಪ್ಪು ವಾಕ್ಯಗಳನ್ನು ನನ್ನಿಂದ ಅರ್ಥ ಕೇಳಿ ಕೇಳಿ ವಹಿಯಲ್ಲಿ ಬರೆದುಕೊಂಡರು. ಮೂರನೇ ವಾರ ಆ ವಹಿ ತೋರಿಸಿ ಹೇಳಿದ್ದು: ‘ಇವು ತಪ್ಪುಗಳಲ್ಲ ದಾದಾ, ಇವು ಮರಾಠಿ.’

ನೋಡಿದರೆ ನಿಜ. ಮರಾಠಿಯಲ್ಲಿ ಬಸ್ ಸ್ತ್ರೀಲಿಂಗ, ‘ಬಸ್ ಆಲೀ’. ಮಾವಿನ ಹಣ್ಣು ಪುಲ್ಲಿಂಗ, ‘ಆಂಬಾ ಪಡಲಾ’. ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ, ಜೀವವಿಲ್ಲದ್ದೆಲ್ಲ ‘ಬಂತು’, ‘ಬಿತ್ತು’. ಮರಾಠಿಯ ಲೆಕ್ಕದಲ್ಲಿ ಯೋಚಿಸುವ ಮಗು ‘ಬಸ್ ಬಂದಳು, ಹಣ್ಣು ಬಿದ್ದ’ ಎನ್ನುವುದು ಅಜ್ಞಾನದಿಂದಲ್ಲ, ತನಗೆ ಗೊತ್ತಿರುವ ವ್ಯಾಕರಣವನ್ನು ಚಾಚೂತಪ್ಪದೆ ಪಾಲಿಸುವುದರಿಂದ. ಇನ್ನೊಂದು: ನಮ್ಮ ತರಗತಿಯ ಬಹುತೇಕ ಎಲ್ಲ ಮಕ್ಕಳೂ ‘ಇದು ನನ್ನ ಪುಸ್ತಕ ಇಲ್ಲ’ ಎನ್ನುತ್ತಿದ್ದವು. ಕನ್ನಡದಲ್ಲಿ ‘ಇಲ್ಲ’ ಬೇರೆ, ‘ಅಲ್ಲ’ ಬೇರೆ. ದಿನಬಳಕೆಯ ಮರಾಠಿಯಲ್ಲಿ ಎರಡಕ್ಕೂ ‘ನಾಹೀ’ ಸಾಕು. ಕನ್ನಡವನ್ನೇ ಉಸಿರಾಡಿ ಬೆಳೆದ ನನಗೆ ಈ ಎರಡರ ನಡುವೆ ಕಲಿಸಬೇಕಾದ ವ್ಯತ್ಯಾಸವೊಂದಿದೆ ಎಂಬುದೇ ಮೂವತ್ತಾರು ವರ್ಷ ಹೊಳೆದಿರಲಿಲ್ಲ.

ಹಾಗೆಯೇ ಮರಾಠಿ ನೆರವಿಗೆ ಬರುವ ಜಾಗಗಳೂ ಇವೆ. ‘ನನಗೆ ಹಸಿವಾಗಿದೆ’ ಎನ್ನುವಲ್ಲಿ ‘ನಾನು’ ಯಾಕಿಲ್ಲ ಎಂದು ಇಂಗ್ಲಿಷ್ ಬಲ್ಲವರಿಗೆ ವಿವರಿಸುವುದು ಕಷ್ಟ. ಮರಾಠಿ ಮಗುವಿಗೆ ‘ಮಲಾ ಭೂಕ್ ಲಾಗಲೀ’ ನೆನಪಿಸಿದರೆ ಸಾಕು, ಚತುರ್ಥಿ ವಿಭಕ್ತಿ ತಾನಾಗಿ ಬರುತ್ತದೆ. ಅಂದರೆ ಪುಣೆಯ ಮಗುವಿಗೆ ಕನ್ನಡ ಕಲಿಸುವ ಕ್ರಮವೇ ಬೇರೆ, ಬೆಂಗಳೂರಿನಲ್ಲಿರುವ ಪಟ್ನಾದ ಹುಡುಗನಿಗೆ ಕಲಿಸುವ ಕ್ರಮವೇ ಬೇರೆ, ಚೆನ್ನೈನಲ್ಲಿ ತಮಿಳು ಆಡುತ್ತಾ ಬೆಳೆದ ಕನ್ನಡ ಮಗುವಿಗೆ ಇನ್ನೂ ಬೇರೆ. (ಈ ಎಡವಟ್ಟು ಒಂದೇ ಕಡೆಯದಲ್ಲ. ಪುಣೆಗೆ ಬಂದ ಹೊಸತರಲ್ಲಿ ನಾನು ಪಕ್ಕದ ಡೆಸ್ಕಿನವನನ್ನು ಊಟಕ್ಕೆ ಕರೆಯಲು ‘ಆಮ್ಹೀ ಜೇವಾಯಲಾ ಜಾತೋಯ್’ ಎಂದೆ. ಅವನು ಎದ್ದೇಳಲಿಲ್ಲ. ‘ಆಮ್ಹೀ’ ಎಂದರೆ ನಿನ್ನನ್ನು ಬಿಟ್ಟು ನಾವು. ಅವನನ್ನೂ ಸೇರಿಸಿಕೊಳ್ಳಲು ‘ಆಪಣ್’ ಎನ್ನಬೇಕಿತ್ತು. ನಮ್ಮ ಒಂದೇ ‘ನಾವು’ ಅಲ್ಲಿ ಎರಡಾಗುತ್ತದೆ ಎಂದು ನನಗೆ ಯಾರು ಹೇಳಬೇಕಿತ್ತು?)

ಇದು ಒಂದು ವಿದ್ಯೆ. ಮಾತೃಭಾಷೆಯಾಗಿ ಓದಿಸುವುದಕ್ಕೂ ಎರಡನೇ ಭಾಷೆಯಾಗಿ ಕಲಿಸುವುದಕ್ಕೂ ಇರುವ ಅಂತರದ ಮೇಲೆ ನಿಂತ ವಿದ್ಯೆ. ಇಂಗ್ಲಿಷ್‌ನವರು ಇದನ್ನು ಎಂದೋ ಬೇರೆ ಮಾಡಿಕೊಂಡರು. ಹೈದರಾಬಾದಿನಲ್ಲಿ 1958ರಲ್ಲೇ ಇಂಗ್ಲಿಷ್ ಬೋಧನೆಗೆಂದು ಸಂಸ್ಥೆ ಆರಂಭವಾಯಿತು, ಈಗ ಅದು ಇಫ್ಲು ಎಂಬ ಕೇಂದ್ರೀಯ ವಿಶ್ವವಿದ್ಯಾಲಯ. ನಮ್ಮ ಬೆಂಗಳೂರಿನಲ್ಲೇ 1963ರಿಂದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರನ್ನು ತಯಾರು ಮಾಡುತ್ತಿದೆ. ಹಿಂದಿ ಮಾತೃಭಾಷೆಯಲ್ಲದವರಿಗೆ ಹಿಂದಿ ಕಲಿಸುವವರನ್ನು ತರಬೇತು ಮಾಡಲು ಆಗ್ರಾದಲ್ಲಿ ಕೇಂದ್ರೀಯ ಹಿಂದಿ ಸಂಸ್ಥಾನವಿದೆ. ಶೇಕ್ಸ್‌ಪಿಯರ್ ಪಾಠ ಮಾಡುವವರು, ಇಂಗ್ಲಿಷ್ ಕಲಿಸುವವರು ಒಬ್ಬರೇ ಆಗಿರಬೇಕಿಲ್ಲ ಎಂಬುದು ಅಲ್ಲಿ ಯಾರಿಗೂ ಅಚ್ಚರಿಯಲ್ಲ. ಕನ್ನಡದಲ್ಲಿ ಪಂಪನನ್ನು ಓದಿದವರು ಕನ್ನಡವನ್ನೂ ಕಲಿಸುತ್ತಾರೆ ಎಂದು ನಾವೇ ಊಹಿಸಿಕೊಂಡಿದ್ದೇವೆ.

ನಮ್ಮ ಎಂಎ ಕನ್ನಡದ ಪಠ್ಯಕ್ರಮ ನೋಡಿದರೆ ಹಳಗನ್ನಡ ಕಾವ್ಯ, ವಚನ, ಕಾವ್ಯಮೀಮಾಂಸೆ, ಛಂದಸ್ಸು, ಶಾಸನ, ನವ್ಯ, ದಲಿತ-ಬಂಡಾಯ, ಜಾನಪದ ಎಲ್ಲ ಇರುತ್ತವೆ. ಇವನ್ನು ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಎಂಜಿನಿಯರುಗಳನ್ನು ಕಂಡರೆ ನನಗೂ ಆಗುವುದಿಲ್ಲ. ಭಾಷಾವಿಜ್ಞಾನಕ್ಕೆ ಒಂದೆರಡು ಪತ್ರಿಕೆ ಇರುತ್ತವೆ, ಅದರಲ್ಲೂ ಹೆಚ್ಚಿನದು ಭಾಷೆಯ ಚರಿತ್ರೆ. ಕನ್ನಡ ಬಾರದವನಿಗೆ ಮೊದಲ ದಿನ ಯಾವ ವಾಕ್ಯ ಕಲಿಸಬೇಕು, ನೂರನೇ ದಿನ ಯಾವುದು, ಯಾವ ಕನ್ನಡ ಕಲಿಸಬೇಕು ಎಂಬ ಪ್ರಶ್ನೆಗಳು ಆ ಓದಿನ ನಡುವೆ ಬರುವುದು ಕಡಿಮೆ.

ಯಾವ ಕನ್ನಡ ಎಂಬುದು ಸಣ್ಣ ಪ್ರಶ್ನೆಯಲ್ಲ. ಪುಸ್ತಕದಲ್ಲಿ ‘ಬರುತ್ತಾನೆ’. ನಮ್ಮ ಮನೆಯಲ್ಲಿ ‘ಬರ್ತಾನ’. ತರಗತಿಗೆ ಬರುವ ಮಂಡ್ಯದವರ ಮನೆಯಲ್ಲಿ ‘ಬತ್ತಾನೆ’. ಅಕ್ಷರದಿಂದ ಶುರುಮಾಡಿದರೆ ಮಗು ಯಾರ ಮನೆಯಲ್ಲೂ ಆಡದ ಕನ್ನಡವನ್ನು ಮೊದಲು ಕಲಿಯುತ್ತದೆ, ಅಜ್ಜಿಯ ಎದುರು ಅದನ್ನು ಆಡಿದರೆ ಟಿವಿ ವಾರ್ತೆಯಂತೆ ಕೇಳಿಸುತ್ತದೆ. ಮಾತಿನಿಂದ ಶುರುಮಾಡಿದರೆ ಯಾರ ಮಾತು ಎಂಬ ಜಗಳ. ಇದನ್ನು ಬಗೆಹರಿಸಲು ಭಾಷಣ ಸಾಲದು, ಕೂತು ಅಧ್ಯಯನ ಮಾಡಿದವರು ಬೇಕು.

ಎಂಜಿನಿಯರಿಂಗ್ ಕಾಲೇಜುಗಳ ಉದಾಹರಣೆ ನೋಡಿ. ವಿಟಿಯು ಪಠ್ಯಕ್ರಮದಲ್ಲಿ ಕನ್ನಡ ಬಲ್ಲ ವಿದ್ಯಾರ್ಥಿಗಳಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’ ಎಂದು ಇಟ್ಟಿದ್ದಾರೆ. ಎರಡನ್ನೂ ಬೇರೆ ಮಾಡಿದ್ದು ಸರಿಯಾದ ಹೆಜ್ಜೆ, ಮೆಚ್ಚಬೇಕು. ಆದರೆ ಒಂದು ಕ್ರೆಡಿಟ್ಟು, ಕೊನೆಗೆ ಒಂದು ತಾಸಿನ ಬಹುಆಯ್ಕೆ ಪರೀಕ್ಷೆ. ಮಾತಾಡಲು ಬರುತ್ತದೋ ಇಲ್ಲವೋ ಎಂಬುದನ್ನು ಎ, ಬಿ, ಸಿ, ಡಿಯಲ್ಲಿ ಗುರುತು ಹಾಕಿ ಅಳೆಯುವುದು ಹೇಗೆ? ನನ್ನ ತಂಡದಲ್ಲಿ ಬಿಹಾರದ ಹುಡುಗನೊಬ್ಬ ಇದ್ದಾನೆ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಓದಿದವನು. ಕನ್ನಡದಲ್ಲಿ ನಲವತ್ತೈದು ಅಂಕ ಬಂದಿತ್ತಂತೆ. ಈಗ ನೆನಪಿರುವುದು ‘ಎಷ್ಟು’, ‘ಸ್ವಲ್ಪ’, ‘ಮುಂದೆ ಹೋಗಿ’. ಮೂರನ್ನೂ ಕಲಿಸಿದ್ದು ಬಿಎಂಟಿಸಿ ಬಸ್ಸು. ಪಾಠ ಮಾಡುತ್ತಿದ್ದ ಮೇಷ್ಟ್ರು ಬಹಳ ಒಳ್ಳೆಯವರು, ಕವಿತೆಗಳನ್ನು ಚೆನ್ನಾಗಿ ಹಾಡುತ್ತಿದ್ದರು ಎಂದು ಈಗಲೂ ಪ್ರೀತಿಯಿಂದ ನೆನೆಯುತ್ತಾನೆ. ಅವನ ತಪ್ಪೂ ಇಲ್ಲ, ಆ ಮೇಷ್ಟ್ರ ತಪ್ಪೂ ಇಲ್ಲ. ಕವಿತೆ ಓದಿಸಲು ತಯಾರಾದವರ ಕೈಗೆ ಬೇರೆಯದೇ ಕೆಲಸ ಕೊಟ್ಟಿದ್ದೇವೆ.

ಪದವಿ ಕಾಲೇಜಿನ ಭಾಷಾ ರಾಜಕಾರಣ ನಡೆಯುವುದೂ ಕಲಿಕೆಯ ಸುತ್ತ ಅಲ್ಲ, ಪೀರಿಯಡ್ಡುಗಳ ಸುತ್ತ. 2021ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ಪದವಿಯಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದಾಗ ವಿಷಯ ಹೈಕೋರ್ಟಿಗೆ ಹೋಯಿತು; ಡಿಸೆಂಬರಿನಲ್ಲಿ, ಸದ್ಯಕ್ಕೆ ಕಡ್ಡಾಯವೆಂದು ಒತ್ತಾಯಿಸಬೇಡಿ ಎಂದು ನ್ಯಾಯಾಲಯ ಹೇಳಿತು. ಆಗ ಒಂದು ಕಡೆ ಕನ್ನಡಾಭಿಮಾನ, ಇನ್ನೊಂದು ಕಡೆ ಆಯ್ಕೆಯ ಸ್ವಾತಂತ್ರ್ಯ ಎಂದು ಮಾತಾಡಿದೆವು. ಕೆಳಗೆ ಇದ್ದದ್ದು ವರ್ಕ್‌ಲೋಡ್. ವಾರಕ್ಕೆ ಎಷ್ಟು ತಾಸು, ಅದರ ಮೇಲೆ ಎಷ್ಟು ಹುದ್ದೆ, ಎಷ್ಟು ಅತಿಥಿ ಉಪನ್ಯಾಸಕರ ಹೊಟ್ಟೆಪಾಡು. ಅದು ಸಣ್ಣ ವಿಷಯ ಎಂದು ನಾನು ಹೇಳಲಾರೆ. ಪ್ರತಿ ಸಲ ನೀತಿ ಬದಲಾದಾಗ ಮೊದಲು ಬಡಿತ ಬೀಳುವುದು ಆ ಉಪನ್ಯಾಸಕರಿಗೇ. ಆದರೆ ಅವರ ಕೆಲಸ ಉಳಿಯುವ ದಾರಿ ಕಡ್ಡಾಯದ ಆದೇಶವೊಂದೇ ಆಗಿಬಿಟ್ಟಿದೆ. ಕರ್ನಾಟಕದ ನಗರಗಳಲ್ಲಿ ಕನ್ನಡ ಕಲಿಯಬೇಕಾದ ಲಕ್ಷಾಂತರ ಹೊರಗಿನವರಿದ್ದಾರೆ, ಹೊರಗೆ ನಮ್ಮಂಥವರ ಮಕ್ಕಳಿದ್ದಾರೆ. ದುಡ್ಡು ಕೊಟ್ಟು ಕಲಿಯಲು ತಯಾರಿರುವವರೂ ಇದ್ದಾರೆ. ಎಂಎ ಕನ್ನಡ ಮುಗಿಸಿದ ಹುಡುಗಿಗೆ ಈ ಕೆಲಸ ಬರುವುದಿಲ್ಲ, ಏಕೆಂದರೆ ಅವಳಿಗೆ ಯಾರೂ ಅದನ್ನು ಕಲಿಸಿಲ್ಲ.

ಇನ್ನೂ ಬೇಸರದ ವಿಷಯವೆಂದರೆ ಈ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಹೊರಗಿನವರಿಗೆ ಕನ್ನಡ ಬೇಕಾದಾಗಲೆಲ್ಲ ಸಾಧನಗಳು ಹುಟ್ಟಿವೆ. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಅದನ್ನು ಪರಿಷ್ಕರಿಸಿ ಹಿಗ್ಗಿಸಿದ್ದು ಮದರಾಸು ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮರಿಯಪ್ಪ ಭಟ್ಟರು. ಅಂದರೆ ಅದು ಹೊರನಾಡಿನ ವಿಭಾಗವೊಂದರ ಕೆಲಸ. ನಮ್ಮ ಆಫೀಸಿನಿಂದ ಅರ್ಧ ತಾಸಿನ ದಾರಿಯಲ್ಲಿ, ಯೆರವಡಾದಲ್ಲಿ ಡೆಕ್ಕನ್ ಕಾಲೇಜು ಇದೆ. ಸಂಸ್ಕೃತದ ಮಹಾನಿಘಂಟಿನ ಕೆಲಸ 1948ರಿಂದ ಅಲ್ಲಿ ನಡೆಯುತ್ತಿದೆ ಎಂದಷ್ಟೇ ನನಗೆ ಗೊತ್ತಿತ್ತು. ನಮ್ಮ ಪಿಎಚ್‌ಡಿ ಗೆಳತಿ ತೋರಿಸಿದ ಮೇಲೆ ತಿಳಿದದ್ದು, ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ ಆಡುಗನ್ನಡದ ಮೇಲೆ ಬರೆದ ಪುಸ್ತಕ 1958ರಲ್ಲಿ ಪ್ರಕಟವಾದದ್ದು ಇದೇ ಡೆಕ್ಕನ್ ಕಾಲೇಜಿನಿಂದ. ನಮ್ಮವರೇ ಆದ ಡಿ.ಎನ್. ಶಂಕರ ಭಟ್ಟರು ಭಾಷಾವಿಜ್ಞಾನದ ಕೆಲಸ ಮಾಡಿದ್ದೂ ಈ ಪುಣೆಯಲ್ಲಿಯೇ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಅವರು ಬರೆದಾಗ ನಾವು ಅದನ್ನು ಸಂಸ್ಕೃತ ಬೇಕೋ ಬೇಡವೋ, ಮಹಾಪ್ರಾಣ ಇರಬೇಕೋ ಬೇಡವೋ ಎಂಬ ಜಗಳ ಮಾಡಿಕೊಂಡೆವು. ಕನ್ನಡ ಹೇಗೆ ಕೆಲಸ ಮಾಡುತ್ತದೆ ಎಂಬ ಅವರ ಮೂಲ ಪ್ರಶ್ನೆ ‘ಅಲ್ಲ’ ಮತ್ತು ‘ಇಲ್ಲ’ದ ನಡುವೆ ಸಿಕ್ಕಿಕೊಂಡ ಮಗುವಿಗೆ ನೇರವಾಗಿ ಬೇಕಾದದ್ದು.

ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ 1969ರಲ್ಲಿ ಶುರುವಾದದ್ದು. ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ಸೇವೆಯಲ್ಲಿರುವ ಶಿಕ್ಷಕರಿಗೆ ಇನ್ನೊಂದು ಭಾರತೀಯ ಭಾಷೆಯನ್ನು ಹತ್ತು ತಿಂಗಳಲ್ಲಿ ಕಲಿಸುವ ಕೋರ್ಸು ನಡೆಸುತ್ತಾ ಬಂದಿದ್ದಾರೆ. ದಕ್ಷಿಣದ ಕೇಂದ್ರ ಮೈಸೂರಿನಲ್ಲಿ, ಕನ್ನಡ ಅಲ್ಲಿ. ಪಶ್ಚಿಮದ ಕೇಂದ್ರ ಇಲ್ಲೇ ಡೆಕ್ಕನ್ ಕಾಲೇಜಿನ ಆವರಣದಲ್ಲಿ, ಮರಾಠಿ ಇಲ್ಲಿ. ಬೇರೆ ಭಾಷೆಯವರಿಗೆ ಕನ್ನಡ ಕಲಿಸಲು ಬೇಕಾದ ಪಾಠಗಳು, ಅನುಭವ ಎಲ್ಲ ಅಲ್ಲಿ ಐವತ್ತು ವರ್ಷಗಳಿಂದ ಕೂಡಿದೆ. ಅದು ಕನ್ನಡ ವಿಭಾಗಗಳ ತರಗತಿಯೊಳಗೆ ಒಂದು ವಿಷಯವಾಗಿ ಬಂದು ಕೂತರೆ ಸಾಕು, ಹೊಸ ಸಂಸ್ಥೆ, ಹೊಸ ಕಟ್ಟಡ, ಹೊಸ ನಾಮಫಲಕ ಯಾವುದೂ ಬೇಡ.

ಇದನ್ನು ಮೊದಲು ಮಾಡಬಲ್ಲವು ಹೊರನಾಡಿನ ವಿಭಾಗಗಳು ಎಂದು ನನ್ನ ಅಂದಾಜು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಿಂದ ಇದೆ. ಮದರಾಸಿನಲ್ಲಿ ಅದಕ್ಕೂ ಹಳೆಯದಿದೆ, ದೆಹಲಿಯ ಜೆಎನ್‌ಯುನಲ್ಲಿ ಕನ್ನಡ ಪೀಠವಿದೆ. ಅವುಗಳ ಸುತ್ತ ಕನ್ನಡವನ್ನು ಅರ್ಧಂಬರ್ಧ ಬಲ್ಲ ಸಾವಿರಾರು ಮಕ್ಕಳಿವೆ. ಸಂಶೋಧನೆಗೆ ಇಷ್ಟು ಹತ್ತಿರದ ವಸ್ತು ಧಾರವಾಡಕ್ಕೂ ಸಿಗದು, ಮಾನಸಗಂಗೋತ್ರಿಗೂ ಸಿಗದು. ಮುಂಬಯಿಯ ಒಬ್ಬ ಎಂಎ ವಿದ್ಯಾರ್ಥಿ ಮರಾಠಿ ಆಡುವ ಕನ್ನಡ ಮಕ್ಕಳ ತಪ್ಪುಗಳನ್ನು ಒಂದು ವರ್ಷ ಕೂತು ಬರೆದುಕೊಂಡರೆ ಅದು ಒಂದು ಪ್ರಬಂಧವೂ ಆಗುತ್ತದೆ, ಪುಣೆ, ಸೊಲ್ಲಾಪುರ, ಠಾಣೆಯ ಭಾನುವಾರದ ತರಗತಿಗಳಿಗೆ ಪಠ್ಯವೂ ಆಗುತ್ತದೆ. ನನ್ನ ಜಾತಿಯವರಿಗೆ ಎಲ್ಲಕ್ಕೂ ಆ್ಯಪ್ ಮಾಡುವ ಚಟ. ನಾನೂ ಒಂದು ವಾರಾಂತ್ಯ ಕೂತೆ. ಬಟನ್ನು, ಬಣ್ಣ, ಅಂಕ ಎಲ್ಲ ಎರಡು ದಿನದಲ್ಲಿ ತಯಾರಾಯಿತು. ಮೊದಲ ಪಾಠ ಯಾವುದು, ಎರಡನೆಯದು ಯಾವುದು ಎನ್ನುವಲ್ಲಿ ನಿಂತದ್ದು ಈಗಲೂ ಅಲ್ಲೇ ನಿಂತಿದೆ.

ತರಗತಿ ಮಾತ್ರ ನಡೆದಿದೆ. ಅಕ್ಷರಮಾಲೆಯನ್ನು ಆರು ತಿಂಗಳು ಮುಂದಕ್ಕೆ ಹಾಕಿದೆವು. ಈಗ ಶುರು ‘ಬೇಕು’, ‘ಬೇಡ’ದಿಂದ. ನಾನು, ನೀನು, ಅವರು ಯಾರು ಬಂದರೂ ರೂಪ ಬದಲಾಗದ ಪದಗಳಾದ್ದರಿಂದ ಮೊದಲ ದಿನವೇ ಮಕ್ಕಳು ಪೂರ್ತಿ ವಾಕ್ಯ ಆಡುತ್ತವೆ. ಎದುರಿಗೆ ಚುರುಮುರಿ, ಬೆಲ್ಲ, ಹಾಗಲಕಾಯಿ ಇಟ್ಟಿರುತ್ತೇವೆ. ‘ಅಲ್ಲ’ಕ್ಕೆ ಒಂದು ಆಟ: ಒಬ್ಬರ ಚಪ್ಪಲಿ ಇನ್ನೊಬ್ಬರಿಗೆ ತೋರಿಸಿ ‘ಇದು ನಿಂದಾ?’ ಎಂದು ಕೇಳುವುದು. ‘ಇಲ್ಲ’ ಎಂದವರು ಔಟ್. ನಾಲ್ಕಕ್ಕೆ ಇಳಿದಿದ್ದ ಮಕ್ಕಳು ಒಂಬತ್ತಾಗಿದ್ದಾರೆ. ಮಗಳು ಈಗ ಅಜ್ಜಿಯ ಫೋನನ್ನು ತಾನೇ ಎತ್ತುತ್ತಾಳೆ. ಬಸ್ಸು ಒಂದೊಂದು ದಿನ ‘ಬಂತು’, ಒಂದೊಂದು ದಿನ ಇನ್ನೂ ‘ಬಂದಳು’. ಅವ್ವನಿಗೆ ನಗಬೇಡ ಎಂದು ಹೇಳಿದ್ದೇನೆ. ಅವಳಿಗೆ ಅದು ಸಾಧ್ಯವಿಲ್ಲ, ಫೋನಿಗೆ ಸೆರಗು ಅಡ್ಡ ಹಿಡಿದು ನಗುತ್ತಾಳೆ.

ತಪ್ಪುಗಳ ವಹಿ ನಾಲ್ಕನೆಯದಕ್ಕೆ ಬಂದಿದೆ. ಅದನ್ನು ಬರೆಯುತ್ತಿದ್ದ ನಮ್ಮ ಗೆಳತಿ ಪ್ರಬಂಧ ಒಪ್ಪಿಸಿ ಬರುವ ತಿಂಗಳು ಊರಿಗೆ ಹೊರಡುತ್ತಾರೆ. ಆ ವಹಿಗಳನ್ನು ನನ್ನ ಕೈಗೆ ಕೊಡುತ್ತಾ, ‘ಇದನ್ನು ಯಾವುದಾದರೂ ಕನ್ನಡ ವಿಭಾಗಕ್ಕೆ ಕೊಡಿ, ಅವರಿಗೆ ಉಪಯೋಗಕ್ಕೆ ಬರುತ್ತದೆ’ ಎಂದರು. ಯಾವ ವಿಭಾಗದ ಯಾರ ಮೇಜಿಗೆ ಕಳಿಸಬೇಕು ಎಂದು ಯೋಚಿಸುತ್ತಿದ್ದೇನೆ.